ಹಡಗಿನಲ್ಲಿ ತುರ್ಕನಿಗೂ ಜಾಗ: ಅಮೆರಿಕದ ಮೊದಲ ಬ್ಯಾಪ್ಟಿಸ್ಟ್ ಸಭೆಯ ಹುಟ್ಟು ಮತ್ತು ನಂಬಿಕೆ

ಕ್ರೈಸ್ತ ಮಿಶನರಿಗಳೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಬಾಸೆಲ್ ಮಿಶನ್. ಮಂಗಳೂರಿನ ಹೆಂಚು, 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು ಎಲ್ಲವೂ ಆ ಹೆಸರಿನೊಂದಿಗೆ ಬೆಸೆದುಕೊಂಡಿವೆ. ಬಳ್ಳಾರಿ ಕಡೆಯವರಿಗೆ ಲಂಡನ್ ಮಿಶನ್, ಮೈಸೂರು ಕಡೆಯವರಿಗೆ ವೆಸ್ಲಿಯನ್ ಮಿಶನ್ ಪರಿಚಿತ. ಬ್ಯಾಪ್ಟಿಸ್ಟರ ವಿಷಯ ಹಾಗಲ್ಲ. ಬೆಂಗಳೂರಿನ ಹೆಬ್ಬಾಳದ ಆಸ್ಪತ್ರೆಯ ಹೆಸರಿನಲ್ಲಿ ಆ ಪದವನ್ನು ಓದಿದವರು ಬಹಳ ಮಂದಿ ಇದ್ದಾರೆ. ಬಂಗಾಳದ ಶ್ರೀರಾಮಪುರದಲ್ಲಿ ನೆಲೆಸಿ, 1817ರಲ್ಲಿ ಕನ್ನಡ ಭಾಷೆಯ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ವಿಲಿಯಂ ಕೇರಿ ಇದೇ ಪಂಗಡಕ್ಕೆ ಸೇರಿದವರೆಂಬುದು ಕೆಲವರಿಗಾದರೂ ಗೊತ್ತು. ಆದರೆ ಬ್ಯಾಪ್ಟಿಸ್ಟರು ನಂಬುವುದೇನು, ಇತರ ಕ್ರೈಸ್ತರಿಂದ ಅವರು ಬೇರೆಯಾದದ್ದು ಯಾವ ಕಾರಣಕ್ಕೆ ಎಂದು ಕೇಳಿದರೆ ಉತ್ತರಿಸುವವರು ಕಡಿಮೆ.

ಒಂದು ಪಂಗಡವನ್ನು ಅರಿಯಲು ಅದರ ಒಂದು ಊರಿನ ಸಭೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯ ದಾರಿ. ಅದಕ್ಕಾಗಿ ನಾವು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಪಟ್ಟಣದ ಸಭೆಯನ್ನು ಆರಿಸಿಕೊಂಡಿದ್ದೇವೆ. ಸುಮಾರು 1638ರಲ್ಲಿ ಬೆರಳೆಣಿಕೆಯ ಜನರಿಂದ ಆರಂಭವಾದ ಈ ಸಭೆ ಇಂದಿಗೂ ನಡೆಯುತ್ತಿದೆ. ಧರ್ಮ ಮತ್ತು ಪ್ರಭುತ್ವದ ಸಂಬಂಧದ ಬಗ್ಗೆ ಇಂದು ಜಗತ್ತಿನಾದ್ಯಂತ ನಡೆಯುವ ಚರ್ಚೆಯ ಬೇರುಗಳಲ್ಲಿ ಒಂದು ಇಲ್ಲಿದೆ. ಮುಸ್ಲಿಮ್ ಓದುಗರು ಗಮನಿಸಬೇಕಾದ ಇನ್ನೊಂದು ಸಂಗತಿಯೂ ಈ ಚರಿತ್ರೆಯಲ್ಲಿದೆ.

ಸ್ನಾನದ ಪ್ರಶ್ನೆ

ಬ್ಯಾಪ್ಟಿಸ್ಟ್ ಎಂಬ ಹೆಸರು ದೀಕ್ಷಾಸ್ನಾನದಿಂದ ಬಂದದ್ದು. ಹದಿನಾರನೆಯ ಶತಮಾನದ ಯುರೋಪಿನಲ್ಲಿ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಅದನ್ನು ಚರ್ಚಿಗೆ ಒಯ್ದು ದೀಕ್ಷಾಸ್ನಾನ ಮಾಡಿಸುತ್ತಿದ್ದರು. ಅದು ಬರಿಯ ಧಾರ್ಮಿಕ ವಿಧಿಯಾಗಿರಲಿಲ್ಲ. ಮಗುವಿನ ಹೆಸರು ಚರ್ಚಿನ ಪುಸ್ತಕಕ್ಕೆ ಏರುತ್ತಿತ್ತು, ಅಲ್ಲಿಗೆ ಅದು ಆ ರಾಜ್ಯದ ಪ್ರಜೆಯೂ ಆಗುತ್ತಿತ್ತು. ರಾಜನ ಧರ್ಮವೇ ಪ್ರಜೆಯ ಧರ್ಮ. ಹುಟ್ಟು, ಧರ್ಮ, ಪ್ರಜೆತನ ಮೂರೂ ಒಂದೇ ಗಂಟಿನಲ್ಲಿದ್ದವು.

ಈ ಗಂಟನ್ನು ಪ್ರಶ್ನಿಸಿದವರು ಹೇಳಿದ್ದು ಸರಳವಾದ ಮಾತು. ನಂಬಿಕೆ ಎಂಬುದು ತಿಳಿದು, ಒಪ್ಪಿ, ಬಾಯಿಬಿಟ್ಟು ಹೇಳಬೇಕಾದದ್ದು. ಹಸುಗೂಸಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ದೀಕ್ಷಾಸ್ನಾನ ಸಲ್ಲುವುದು ಬುದ್ಧಿ ಬಲಿತು, ತಾನಾಗಿ ನಂಬಿ ಬಂದವನಿಗೆ ಮಾತ್ರ. ಇಂದು ಇದು ಒಂದು ವಿಧಿಯ ಕುರಿತ ಸಣ್ಣ ಭಿನ್ನಾಭಿಪ್ರಾಯದಂತೆ ಕಾಣಬಹುದು. ಅಂದಿನ ಆಳುವವರಿಗೆ ಹಾಗೆ ಕಾಣಲಿಲ್ಲ. ಧರ್ಮ ಹುಟ್ಟಿನಿಂದ ಬರುವುದಿಲ್ಲ ಎಂದರೆ ಅದನ್ನು ರಾಜನೂ ಕೊಡಲಾರ, ಹೇರಲಾರ ಎಂದಾಗುತ್ತದೆ. ಈ ಮಾತಿಗಾಗಿಯೇ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಫೀಲಿಕ್ಸ್ ಮಾಂಟ್ಸ್ ಎಂಬವನನ್ನು 1527ರ ಜನವರಿಯಲ್ಲಿ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರು ಪೋಪನ ಅನುಯಾಯಿಗಳಲ್ಲ, ಪೋಪನನ್ನು ಧಿಕ್ಕರಿಸಿದ್ದ ಸುಧಾರಕರೇ.

ಇಂಗ್ಲೆಂಡಿನಿಂದ ಹಾಲೆಂಡಿಗೆ ಓಡಿಹೋಗಿದ್ದ ಜಾನ್ ಸ್ಮಿತ್ ಮತ್ತು ಥಾಮಸ್ ಹೆಲ್ವಿಸ್ 1609ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇದೇ ತತ್ವದ ಮೇಲೆ ಒಂದು ಸಭೆ ಕಟ್ಟಿದರು. ಕೆಲವು ವರ್ಷಗಳಲ್ಲಿ ಹೆಲ್ವಿಸ್ ತಾಯ್ನಾಡಿಗೆ ಹಿಂತಿರುಗಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸಭೆ ಆರಂಭಿಸಿದ. 1612ರಲ್ಲಿ ಅವನು ಒಂದು ಪುಸ್ತಕ ಬರೆದು ಅದರ ಪ್ರತಿಯನ್ನು ದೊರೆ ಜೇಮ್ಸನಿಗೇ ಅರ್ಪಿಸಿದ. ಪ್ರಜೆಗಳ ದೇಹ ಮತ್ತು ಸೊತ್ತಿನ ಮೇಲೆ ದೊರೆಗೆ ಅಧಿಕಾರವಿದೆ, ಆತ್ಮದ ಮೇಲೆ ಇಲ್ಲ ಎಂಬುದು ಅದರ ಸಾರ. ಅಷ್ಟಕ್ಕೇ ನಿಲ್ಲದೆ, ಒಬ್ಬ ಪಾಷಂಡಿಯಾಗಿರಲಿ, ಯಹೂದಿಯಾಗಿರಲಿ, ತುರ್ಕನಾಗಿರಲಿ, ಧರ್ಮದ ಕಾರಣಕ್ಕೆ ಅವನನ್ನು ದಂಡಿಸುವ ಹಕ್ಕು ಯಾವ ದೊರೆಗೂ ಇಲ್ಲ ಎಂದು ಅವನು ವಾದಿಸಿದ. ಹೆಲ್ವಿಸನನ್ನು ನ್ಯೂಗೇಟ್ ಸೆರೆಮನೆಗೆ ತಳ್ಳಲಾಯಿತು. ಕೆಲವೇ ವರ್ಷಗಳಲ್ಲಿ ಅವನು ತೀರಿಕೊಂಡ.

ಇಲ್ಲಿ ‘ತುರ್ಕ’ ಎಂಬ ಪದವನ್ನು ಗಮನಿಸಬೇಕು. ನಮ್ಮ ಹಳೆಯ ಶಾಸನಗಳಲ್ಲಿ ‘ತುರುಕ’ ಎಂಬ ಪದ ಬಳಕೆಯಾದಂತೆಯೇ ಅಂದಿನ ಇಂಗ್ಲಿಷಿನಲ್ಲಿ ‘ತುರ್ಕ’ ಎಂದರೆ ಮುಸ್ಲಿಮ್ ಎಂದೇ ಅರ್ಥ. ಉಸ್ಮಾನೀ ಸಾಮ್ರಾಜ್ಯ ಯುರೋಪಿನ ಬಾಗಿಲಲ್ಲಿ ನಿಂತಿದ್ದ ಕಾಲವದು. ಭಯ ಹುಟ್ಟಿಸಲು ಬಳಸುತ್ತಿದ್ದ ಹೆಸರನ್ನೇ ಎತ್ತಿ ಆಡಿ, ಅವನಿಗೂ ಅವನ ನಂಬಿಕೆಯ ಹಕ್ಕಿದೆ ಎಂದು ಬರೆಯಲು ಎದೆಗಾರಿಕೆ ಬೇಕಿತ್ತು.

ಗಡಿಪಾರಾದ ಪಾದ್ರಿ

ಲಂಡನ್ನಿನಲ್ಲಿ ಸುಮಾರು 1603ರಲ್ಲಿ ಹುಟ್ಟಿ ಕೇಂಬ್ರಿಜಿನಲ್ಲಿ ಓದಿದ ರೋಜರ್ ವಿಲಿಯಮ್ಸ್ 1631ರಲ್ಲಿ ಹೆಂಡತಿ ಮೇರಿಯೊಂದಿಗೆ ಅಮೆರಿಕದ ಬಾಸ್ಟನ್ನಿಗೆ ಬಂದಿಳಿದ. ಮ್ಯಾಸಚೂಸೆಟ್ಸ್ ವಸಾಹತನ್ನು ಕಟ್ಟಿದವರು ಪ್ಯೂರಿಟನ್ನರು. ಇಂಗ್ಲೆಂಡಿನ ರಾಜಚರ್ಚಿನ ಕಾಟ ತಾಳಲಾರದೆ ಸಮುದ್ರ ದಾಟಿದವರು ಇವರು. ವಿಪರ್ಯಾಸವೆಂದರೆ ಇಲ್ಲಿ ತಮ್ಮದೇ ಚರ್ಚನ್ನು ಕಾನೂನಿನ ಬಲದಿಂದ ಕಡ್ಡಾಯಗೊಳಿಸಿದರು. ಚರ್ಚಿನ ಸದಸ್ಯನಲ್ಲದವನಿಗೆ ಮತದ ಹಕ್ಕಿರಲಿಲ್ಲ.

ವಿಲಿಯಮ್ಸ್ ಎರಡು ಮಾತುಗಳನ್ನು ಎತ್ತಿದ. ಮೊದಲನೆಯದು, ಇಂಗ್ಲೆಂಡಿನ ದೊರೆ ಬರೆದುಕೊಟ್ಟ ಸನ್ನದಿನಿಂದ ಇಲ್ಲಿನ ಮೂಲನಿವಾಸಿಗಳ ನೆಲ ನಮ್ಮದಾಗುವುದಿಲ್ಲ, ಅವರಿಂದ ಪಡೆದರೆ ಮಾತ್ರ ನಮ್ಮದು. ಎರಡನೆಯದು, ಹತ್ತು ಆಜ್ಞೆಗಳಲ್ಲಿ ಮನುಷ್ಯ ಮತ್ತು ದೇವರ ನಡುವಣ ಮೊದಲ ನಾಲ್ಕನ್ನು ಜಾರಿಗೊಳಿಸಲು ನ್ಯಾಯಾಧೀಶನಿಗೆ ಅಧಿಕಾರವಿಲ್ಲ. ಕೊಲೆ, ಕಳವುಗಳನ್ನು ಶಿಕ್ಷಿಸುವುದು ಸರಕಾರದ ಕೆಲಸ, ಆರಾಧನೆ ಸರಕಾರದ ಕೆಲಸವಲ್ಲ. 1635ರ ಅಕ್ಟೋಬರಿನಲ್ಲಿ ಅವನಿಗೆ ಗಡಿಪಾರಿನ ಶಿಕ್ಷೆಯಾಯಿತು. ಹಿಡಿದು ಹಡಗು ಹತ್ತಿಸುವ ಸಿದ್ಧತೆ ನಡೆದಾಗ, 1636ರ ಜನವರಿಯ ಹಿಮದಲ್ಲಿ ಅವನು ಕಾಡು ಹೊಕ್ಕ.

ಆ ಚಳಿಗಾಲದಲ್ಲಿ ಅವನಿಗೆ ಆಶ್ರಯ ಕೊಟ್ಟವರು ವಾಂಪನೋಗ್ ಬುಡಕಟ್ಟಿನವರು. ಬಳಿಕ ನೆಲ ಕೊಟ್ಟವರು ನರಗಾನ್ಸೆಟ್ ಬುಡಕಟ್ಟಿನ ಮುಖ್ಯಸ್ಥರಾದ ಕ್ಯಾನೋನಿಕಸ್ ಮತ್ತು ಮಿಯಾಂಟೊನೊಮಿ. ಕ್ರೈಸ್ತರಿಂದ ಹೊರದಬ್ಬಿಸಿಕೊಂಡ ಕ್ರೈಸ್ತ ಪಾದ್ರಿಯನ್ನು ಉಳಿಸಿದವರು ಕ್ರೈಸ್ತರಲ್ಲದವರು. ತನ್ನ ಹೊಸ ಊರಿಗೆ ವಿಲಿಯಮ್ಸ್ ‘ದೈವಕೃಪೆ’ ಎಂಬರ್ಥದ ಪ್ರಾವಿಡೆನ್ಸ್ ಎಂಬ ಹೆಸರಿಟ್ಟ. ಅಲ್ಲಿ ನೆಲೆಸಿದವರು ಒಂದು ಒಪ್ಪಂದ ಮಾಡಿಕೊಂಡರು. ಬಹುಮತದ ತೀರ್ಮಾನಕ್ಕೆ ಎಲ್ಲರೂ ತಲೆಬಾಗಬೇಕು, ಆದರೆ ಲೌಕಿಕ ವಿಷಯಗಳಲ್ಲಿ ಮಾತ್ರ.

1638ರಲ್ಲೇ ಈ ಒಪ್ಪಂದ ಒರೆಗೆ ಹತ್ತಿತು. ಜೋಶುವಾ ವೆರಿನ್ ಎಂಬವನ ಹೆಂಡತಿ ವಿಲಿಯಮ್ಸನ ಮನೆಯ ಪ್ರಾರ್ಥನೆಗೆ ಹೋಗುತ್ತಿದ್ದಳು. ಗಂಡ ಬರುತ್ತಿರಲಿಲ್ಲ, ಅದಕ್ಕಾಗಿ ಅವನನ್ನು ಯಾರೂ ಕೇಳಿಯೂ ಇರಲಿಲ್ಲ. ಆದರೆ ಅವನು ಹೆಂಡತಿಯನ್ನು ಹೊಡೆದು ತಡೆಯತೊಡಗಿದ. ಪಂಚಾಯಿತಿ ಸೇರಿತು. ಹೆಂಡತಿ ಗಂಡನ ಅಧೀನದಲ್ಲಿರಬೇಕೆಂಬುದು ದೇವರ ಆಜ್ಞೆ, ಗಂಡನನ್ನು ಶಿಕ್ಷಿಸಿದರೆ ಅವನ ಅಂತಃಸಾಕ್ಷಿಗೇ ಭಂಗ ಎಂದು ಒಬ್ಬ ವಾದಿಸಿದ. ಊರು ಒಪ್ಪಲಿಲ್ಲ. ವೆರಿನ್ನನ ಮತದ ಹಕ್ಕನ್ನು ಕಿತ್ತುಕೊಂಡಿತು. ಅವನು ಹೆಂಡತಿಯನ್ನು ಕರೆದುಕೊಂಡು ಸೇಲಂ ಪಟ್ಟಣಕ್ಕೆ ಹಿಂತಿರುಗಿದ. ಹಾಗಾಗಿ ಅವಳಿಗೆ ಈ ತೀರ್ಪಿನಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಆದರೂ ಹೆಣ್ಣಿಗೆ ಅವಳದೇ ಆದ ಅಂತಃಸಾಕ್ಷಿ ಇದೆ ಎಂದು ಒಂದು ಊರು ಮತ ಹಾಕಿ ಹೇಳಿದ್ದು ಹದಿನೇಳನೆಯ ಶತಮಾನದಲ್ಲಿ ಸಣ್ಣ ಸಂಗತಿಯಲ್ಲ.

ಸಭೆಯ ಹುಟ್ಟು

ಇದೇ ಹೊತ್ತಿಗೆ ಪ್ರಾವಿಡೆನ್ಸಿನ ಕೆಲವರು ಶಿಶುವಾಗಿದ್ದಾಗ ತಮಗಾದ ದೀಕ್ಷಾಸ್ನಾನ ಸಲ್ಲದು ಎಂಬ ನಿರ್ಣಯಕ್ಕೆ ಬಂದರು. ಎಝೆಕಿಯಲ್ ಹಾಲಿಮನ್ ಎಂಬ ಸಾಮಾನ್ಯ ಗೃಹಸ್ಥ ವಿಲಿಯಮ್ಸನಿಗೆ ದೀಕ್ಷಾಸ್ನಾನ ಕೊಟ್ಟ. ಬಳಿಕ ವಿಲಿಯಮ್ಸ್ ಅವನಿಗೂ ಇನ್ನು ಸುಮಾರು ಹತ್ತು ಮಂದಿಗೂ ಕೊಟ್ಟ. ಬಾಸ್ಟನ್ನಿನ ನಾಯಕ ಜಾನ್ ವಿಂತ್ರಾಪ್ 1639ರ ಮಾರ್ಚಿನಲ್ಲಿ ತನ್ನ ದಿನಚರಿಯಲ್ಲಿ ಇದನ್ನು ಅಸಮಾಧಾನದಿಂದಲೇ ದಾಖಲಿಸಿದ್ದಾನೆ. ಅಮೆರಿಕದ ನೆಲದಲ್ಲಿ ಬ್ಯಾಪ್ಟಿಸ್ಟ್ ಸಭೆ ಹುಟ್ಟಿದ್ದು ಹೀಗೆ. ಹತ್ತಿರದ ನ್ಯೂಪೋರ್ಟಿನಲ್ಲಿ ಜಾನ್ ಕ್ಲಾರ್ಕ್ ಕಟ್ಟಿದ ಸಭೆಯೂ ಈ ಹಿರಿತನಕ್ಕೆ ಹಕ್ಕು ಹೇಳಿದ್ದುಂಟು, ಆದರೆ ಸಾಮಾನ್ಯವಾಗಿ ಇತಿಹಾಸಕಾರರು ಪ್ರಾವಿಡೆನ್ಸಿಗೇ ಮೊದಲ ಸ್ಥಾನ ಕೊಡುತ್ತಾರೆ.

ವಿಚಿತ್ರವೆಂದರೆ, ಸ್ಥಾಪಕನೇ ಕೆಲವು ತಿಂಗಳಲ್ಲಿ ಸಭೆಯನ್ನು ಬಿಟ್ಟ. ಅಪೊಸ್ತಲರ ಕಾಲದ ನಂತರ ದೀಕ್ಷಾಸ್ನಾನ ಕೊಡುವ ನಿಜವಾದ ಅಧಿಕಾರ ಯಾರಿಗೂ ಉಳಿದಿಲ್ಲ ಎಂಬ ಸಂದೇಹ ಅವನನ್ನು ಕಾಡಿತು. ಅಲ್ಲಿಂದ ಮುಂದೆ ಸಾಯುವವರೆಗೂ ಅವನು ಯಾವ ಸಭೆಗೂ ಸೇರದ ಅನ್ವೇಷಕನಾಗಿಯೇ ಉಳಿದ. ಸಭೆ ಮಾತ್ರ ಉಳಿಯಿತು. ಚ್ಯಾಡ್ ಬ್ರೌನ್ ಮೊದಲಾದ ಹಿರಿಯರು ಅದನ್ನು ನಡೆಸಿಕೊಂಡು ಬಂದರು. ಪಾರ್ಡನ್ ಟಿಲಿಂಗ್‌ಹಾಸ್ಟ್ ಎಂಬ ಹಿರಿಯ 1700ರಲ್ಲಿ ತನ್ನ ಸ್ವಂತ ಖರ್ಚಿನಿಂದ ಪುಟ್ಟ ಪ್ರಾರ್ಥನಾಲಯ ಕಟ್ಟಿಸುವವರೆಗೆ, ಅಂದರೆ ಆರು ದಶಕಗಳ ಕಾಲ, ಸಭೆಗೆ ಸ್ವಂತ ಕಟ್ಟಡವೇ ಇರಲಿಲ್ಲ. ಮನೆಗಳಲ್ಲಿ, ಒಳ್ಳೆಯ ಹವೆಯಿದ್ದರೆ ಬಯಲಲ್ಲಿ ಕೂಡುತ್ತಿದ್ದರು.

ಈ ಸಭೆಯ ನಂಬಿಕೆಗಳನ್ನು ಹೀಗೆ ಸಂಗ್ರಹಿಸಬಹುದು. ಧರ್ಮದ ವಿಷಯದಲ್ಲಿ ಸತ್ಯವೇದವೇ, ಅಂದರೆ ಬೈಬಲ್ಲೇ, ಪ್ರಮಾಣ. ತಾನಾಗಿ ನಂಬಿ ಬಂದವನಿಗೆ ಮಾತ್ರ ದೀಕ್ಷಾಸ್ನಾನ. ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎಂಬ ಎರಡೇ ವಿಧಿಗಳು. ದೇವರ ಬಳಿಗೆ ಹೋಗಲು ನಡುವೆ ಪುರೋಹಿತ ಬೇಕಿಲ್ಲ. ಪ್ರತಿಯೊಂದು ಊರಿನ ಸಭೆಯೂ ಸ್ವತಂತ್ರ, ತನ್ನ ಸಭಾಪಾಲಕನನ್ನು ತಾನೇ ಆರಿಸಿಕೊಳ್ಳುತ್ತದೆ, ಅದರ ಮೇಲೆ ಬಿಷಪ್ಪನ ಅಧಿಕಾರವಿಲ್ಲ. ಕೊನೆಯದಾಗಿ, ಸಭೆಯಲ್ಲಿ ಸರಕಾರದ ಕೈ ಇರಬಾರದು, ಸರಕಾರದಲ್ಲಿ ಸಭೆಯ ಕೈ ಇರಬಾರದು.

ಇಂಥ ಸ್ವಾತಂತ್ರ್ಯಕ್ಕೆ ಜಗಳದ ಬೆಲೆಯೂ ಇದೆ. ಹೊಸಬರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ಕಡ್ಡಾಯವೇ ಎಂಬ ಪ್ರಶ್ನೆಯ ಮೇಲೆ 1652ರಲ್ಲಿ ಸಭೆ ಒಡೆಯಿತು. 1771ರಲ್ಲಿ ಜೇಮ್ಸ್ ಮ್ಯಾನಿಂಗ್ ಸಭಾಪಾಲಕನಾದಾಗ ಆರಾಧನೆಯಲ್ಲಿ ಹಾಡುವುದು ಸರಿಯೇ ಎಂಬ ವಿವಾದ ಎದ್ದು, ಹಾಡು ಒಪ್ಪದವರು ಬೇರೆಯಾದರು. ಆದರೆ ಈ ಜಗಳಗಳಲ್ಲಿ ಯಾರೂ ಪೊಲೀಸರನ್ನು ಕರೆಯಲಿಲ್ಲ. ಒಪ್ಪದವರು ಎದ್ದು ಹೋಗಿ ಇನ್ನೊಂದು ಸಭೆ ಕಟ್ಟಿಕೊಂಡರು.

ಹಡಗಿನ ಹೋಲಿಕೆ

ನೆರೆಯ ಮ್ಯಾಸಚೂಸೆಟ್ಸಿನಲ್ಲಿ ಸ್ಥಿತಿ ಬೇರೆಯೇ ಇತ್ತು. ಶಿಶು ದೀಕ್ಷಾಸ್ನಾನವನ್ನು ವಿರೋಧಿಸುವವರನ್ನು ಗಡಿಪಾರು ಮಾಡುವ ಕಾನೂನು 1644ರಲ್ಲಿ ಅಲ್ಲಿ ಬಂತು. 1651ರಲ್ಲಿ ಅಲ್ಲಿಗೆ ಹೋಗಿ ಒಂದು ಮನೆಯಲ್ಲಿ ಪ್ರಾರ್ಥನೆ ನಡೆಸಿದ ತಪ್ಪಿಗೆ ನ್ಯೂಪೋರ್ಟಿನ ಬ್ಯಾಪ್ಟಿಸ್ಟ್ ಒಬದಾಯ ಹೋಮ್ಸ್‌ಗೆ ಬಾಸ್ಟನ್ನಿನ ಬೀದಿಯಲ್ಲಿ 30 ಚಾಟಿಯೇಟು ಬಿದ್ದವು.

1644ರಲ್ಲಿ ವಿಲಿಯಮ್ಸ್ ಲಂಡನ್ನಿನಲ್ಲಿ ಪ್ರಕಟಿಸಿದ ಗ್ರಂಥ ಅಂತಃಸಾಕ್ಷಿಯ ಮೇಲಿನ ಹಿಂಸೆಯನ್ನು ರಕ್ತಸಿಕ್ತ ಸಿದ್ಧಾಂತವೆಂದು ಕರೆಯಿತು. ಯಹೂದಿ, ತುರ್ಕ, ಮೂರ್ತಿಪೂಜಕ, ಯಾರ ಆರಾಧನೆಗೂ ಅಡ್ಡಿ ಮಾಡಕೂಡದೆಂಬುದು ಅದರ ವಾದ. ಪಾರ್ಲಿಮೆಂಟು ಅದನ್ನು ಸುಡಲು ಆಜ್ಞೆ ಮಾಡಿತು. 1655ರಲ್ಲಿ ಪ್ರಾವಿಡೆನ್ಸಿನ ಜನರಿಗೆ ಬರೆದ ಪತ್ರದಲ್ಲಿ ಅವನು ಒಂದು ಹೋಲಿಕೆ ಕೊಟ್ಟ. ಸಮಾಜವೆಂದರೆ ಒಂದು ಹಡಗು. ಅದರಲ್ಲಿ ಕ್ಯಾಥೊಲಿಕರು, ಪ್ರೊಟೆಸ್ಟೆಂಟರು, ಯಹೂದಿಗಳು, ತುರ್ಕರು ಎಲ್ಲರೂ ಪ್ರಯಾಣಿಕರು. ಹಡಗಿನ ಪ್ರಾರ್ಥನೆಗೆ ಬರಬೇಕೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ, ಅವರವರ ಪ್ರಾರ್ಥನೆಯನ್ನು ತಡೆಯುವಂತೆಯೂ ಇಲ್ಲ. ಆದರೆ ಹಡಗು ಎತ್ತ ಸಾಗಬೇಕೆಂದು ಹೇಳುವ ಅಧಿಕಾರ ಕಪ್ತಾನನಿಗಿದೆ. ಬಾಡಿಗೆ ಕೊಡುವುದು, ಶಾಂತಿ ಕಾಪಾಡುವುದು, ಅಪಾಯ ಬಂದಾಗ ಕೈಜೋಡಿಸುವುದು ಎಲ್ಲ ಪ್ರಯಾಣಿಕರ ಕರ್ತವ್ಯ.

ವಿಲಿಯಮ್ಸ್ ಎಲ್ಲ ಧರ್ಮಗಳೂ ಒಂದೇ ಎನ್ನುವವನಾಗಿರಲಿಲ್ಲ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ತನ್ನ ನಂಬಿಕೆಯೇ ಸತ್ಯ, ಉಳಿದವರು ದಾರಿ ತಪ್ಪಿದವರು ಎಂದೇ ಅವನು ತಿಳಿದಿದ್ದ. ಅವನ ಸಹಿಷ್ಣುತೆ ಧರ್ಮದ ಬಗೆಗಿನ ಉದಾಸೀನದಿಂದ ಬಂದದ್ದಲ್ಲ, ಧರ್ಮವನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡದ್ದರಿಂದ ಬಂದದ್ದು. ಬಲವಂತದ ಆರಾಧನೆ ದೇವರಿಗೆ ಸಲ್ಲುವುದಿಲ್ಲ, ಅದು ಕಪಟಿಗಳನ್ನು ಮಾತ್ರ ಸೃಷ್ಟಿಸುತ್ತದೆ ಎಂಬುದು ಅವನ ನಿಲುವು. ಕ್ವೇಕರ್ ಪಂಗಡದವರ ಬೋಧನೆಯನ್ನು ಅವನು ಕಟುವಾಗಿ ವಿರೋಧಿಸುತ್ತಿದ್ದ. 1672ರಲ್ಲಿ, ಎಪ್ಪತ್ತರ ಅಂಚಿನಲ್ಲಿ, ತಾನೇ ದೋಣಿಗೆ ಹುಟ್ಟುಹಾಕಿಕೊಂಡು ನ್ಯೂಪೋರ್ಟಿಗೆ ಹೋಗಿ ಅವರೊಂದಿಗೆ ಬಹಿರಂಗ ವಾದ ಮಾಡಿದ. ಆದರೆ ಅವರನ್ನು ಹೊರಹಾಕಬೇಕೆಂದು 1657ರಲ್ಲಿ ನೆರೆಯ ವಸಾಹತುಗಳು ಒತ್ತಾಯಿಸಿದಾಗ ರೋಡ್ ಐಲೆಂಡ್ ಒಪ್ಪಿರಲಿಲ್ಲ. ಬಾಸ್ಟನ್ 1660ರಲ್ಲಿ ಮೇರಿ ಡೈಯರ್ ಎಂಬ ಕ್ವೇಕರ್ ಮಹಿಳೆಯನ್ನು ಗಲ್ಲಿಗೇರಿಸಿತು, ಪ್ರಾವಿಡೆನ್ಸ್ ಕ್ವೇಕರರೊಂದಿಗೆ ವಾದಕ್ಕೆ ಕುಳಿತಿತು. ವ್ಯತ್ಯಾಸ ಇರುವುದು ಇಲ್ಲಿ. 1663ರಲ್ಲಿ ಜಾನ್ ಕ್ಲಾರ್ಕ್ ದೊರೆ ಎರಡನೇ ಚಾರ್ಲ್ಸ್‌ನಿಂದ ತಂದ ಸನ್ನದು ಈ ಸ್ವಾತಂತ್ರ್ಯಕ್ಕೆ ಕಾನೂನಿನ ರೂಪ ಕೊಟ್ಟಿತು.

ನಿಜವಾದ ಹಡಗುಗಳು

ಇಲ್ಲಿಗೆ ಕತೆ ಮುಗಿಸಿದರೆ ಅದು ಬರಿಯ ಹೊಗಳಿಕೆಯಾದೀತು. ತತ್ವವನ್ನು ಅಳೆಯಬೇಕಾದದ್ದು ಅದು ಬಲಹೀನನಿಗೆ ಏನು ಕೊಟ್ಟಿತು ಎಂಬುದರಿಂದ.

ಆಶ್ರಯ ಕೊಟ್ಟ ನರಗಾನ್ಸೆಟ್ಟರಿಗೆ ಆದದ್ದೇನು? 1675ರಲ್ಲಿ ವಸಾಹತುಗಾರರಿಗೂ ಮೂಲನಿವಾಸಿಗಳಿಗೂ ಯುದ್ಧ ಹೊತ್ತಿಕೊಂಡಿತು. ಆ ಡಿಸೆಂಬರಿನಲ್ಲಿ ನೆರೆಯ ವಸಾಹತುಗಳ ಸೇನೆ ಜೌಗು ಪ್ರದೇಶದಲ್ಲಿದ್ದ ನರಗಾನ್ಸೆಟ್ಟರ ಕೋಟೆಗೆ ಬೆಂಕಿಯಿಟ್ಟಿತು, ಹೆಂಗಸರು ಮಕ್ಕಳೂ ಬೆಂದುಹೋದರು. 1676ರ ಮಾರ್ಚಿನಲ್ಲಿ ಪ್ರಾವಿಡೆನ್ಸಿನ ಮನೆಗಳೂ ಉರಿದವು. ಯುದ್ಧ ಮುಗಿದ ಮೇಲೆ ಸೆರೆಸಿಕ್ಕ ಮೂಲನಿವಾಸಿಗಳನ್ನು ಪ್ರಾವಿಡೆನ್ಸಿನಲ್ಲಿ ವರ್ಷಗಟ್ಟಲೆಯ ಜೀತಕ್ಕೆ ಮಾರಲಾಯಿತು. ಅದನ್ನು ನಿರ್ವಹಿಸಿದ ಸಮಿತಿಯಲ್ಲಿ ರೋಜರ್ ವಿಲಿಯಮ್ಸನೂ ಇದ್ದ.

ಯಹೂದಿಗಳ ವಿಷಯ ನೋಡೋಣ. ನ್ಯೂಪೋರ್ಟಿನಲ್ಲಿ ಅವರು ನೆಲೆಸಿದರು, 1763ರಲ್ಲಿ ಸಿನಗಾಗ್ ತೆರೆದರು. ಆದರೆ ಅದಕ್ಕೆ ಒಂದು ವರ್ಷ ಮೊದಲು, ಆರನ್ ಲೋಪೆಝ್ ಎಂಬ ಯಹೂದಿ ವರ್ತಕ ಪ್ರಜೆತನ ಕೇಳಿದಾಗ ರೋಡ್ ಐಲೆಂಡಿನ ನ್ಯಾಯಾಲಯ ಅದನ್ನು ನಿರಾಕರಿಸಿತು. ಆರಾಧನೆಗೆ ಅವಕಾಶವುಂಟು, ಸಮಾನ ಪ್ರಜೆತನಕ್ಕೆ ಇಲ್ಲ. ಕ್ಯಾಥೊಲಿಕರಿಗೂ ಇದೇ ಗತಿ. ಅವರ ಮೇಲಿದ್ದ ಕಾನೂನಿನ ತಡೆ ಹೋದದ್ದು 1783ರಲ್ಲಿ.

ಎಲ್ಲಕ್ಕಿಂತ ಕಹಿಯಾದದ್ದು ಗುಲಾಮರ ಕತೆ. 1652ರಲ್ಲಿ ಪ್ರಾವಿಡೆನ್ಸ್ ಮತ್ತು ವಾರಿಕ್ ಪಟ್ಟಣಗಳು ಯಾರನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಗುಲಾಮರಾಗಿ ಇಟ್ಟುಕೊಳ್ಳಬಾರದೆಂದು ಕಾನೂನು ಮಾಡಿದ್ದವು. ಅದು ಜಾರಿಗೇ ಬರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಉತ್ತರ ಅಮೆರಿಕದ ಗುಲಾಮ ವ್ಯಾಪಾರದ ಮುಖ್ಯ ಕೇಂದ್ರವಾದದ್ದು ಇದೇ ರೋಡ್ ಐಲೆಂಡ್. ಇಲ್ಲಿಂದ ಹೊರಟ ಹಡಗುಗಳು ಒಂದು ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಸಾಗಿಸಿದವು. ಸಭೆಯ ಹಿರಿಯ ಚ್ಯಾಡ್ ಬ್ರೌನನ ವಂಶಸ್ಥರಾದ ನಾಲ್ವರು ಬ್ರೌನ್ ಸಹೋದರರು 1764ರಲ್ಲಿ ‘ಸ್ಯಾಲಿ’ ಎಂಬ ಹಡಗನ್ನು ಪಶ್ಚಿಮ ಆಫ್ರಿಕಕ್ಕೆ ಕಳುಹಿಸಿದರು. ಕೊಂಡ 196 ಮಂದಿಯಲ್ಲಿ ಕನಿಷ್ಠ 109 ಮಂದಿ ಸತ್ತರು.

ಪಶ್ಚಿಮ ಆಫ್ರಿಕದಿಂದ ಅಮೆರಿಕ ಖಂಡಗಳಿಗೆ ಸಾಗಿಸಲಾದ ಗುಲಾಮರಲ್ಲಿ ಮುಸ್ಲಿಮರೂ ಗಣನೀಯ ಸಂಖ್ಯೆಯಲ್ಲಿದ್ದರೆಂಬುದನ್ನು ಇತಿಹಾಸಕಾರರು ಒಪ್ಪುತ್ತಾರೆ. ವಿಲಿಯಮ್ಸನ ಕಲ್ಪನೆಯ ಹಡಗಿನಲ್ಲಿ ಮುಸ್ಲಿಮನಿಗೆ ಪ್ರಯಾಣಿಕನ ಸ್ಥಾನವಿತ್ತು, ಪ್ರಾರ್ಥನೆಯ ಹಕ್ಕಿತ್ತು. ಒಂದು ಶತಮಾನದ ನಂತರ ನಿಜವಾಗಿ ಸಮುದ್ರಕ್ಕಿಳಿದ ಹಡಗುಗಳಲ್ಲಿ ಮನುಷ್ಯರು ಸರಕಾಗಿದ್ದರು.

ಊರಿನ ನಡುವಣ ಗೋಪುರ

ಮ್ಯಾನಿಂಗನ ಕಾಲದಲ್ಲಿ ಸಭೆ ಬೆಳೆಯಿತು. ಬ್ಯಾಪ್ಟಿಸ್ಟರು 1764ರಲ್ಲಿ ಸ್ಥಾಪಿಸಿದ ಕಾಲೇಜಿಗೂ ಅವನೇ ಅಧ್ಯಕ್ಷ. ವಿದ್ಯಾರ್ಥಿಗಳಿಗೆ ಧರ್ಮದ ಪರೀಕ್ಷೆ ಇರಕೂಡದೆಂದು ಆ ಕಾಲೇಜಿನ ಸನ್ನದೇ ಹೇಳಿತ್ತು. ಮುಂದೆ ಅದೇ ಬ್ರೌನ್ ವಿಶ್ವವಿದ್ಯಾಲಯವಾಯಿತು. 1774ರಲ್ಲಿ ಬ್ರಿಟಿಷರು ಬಾಸ್ಟನ್ ಬಂದರನ್ನು ಮುಚ್ಚಿದಾಗ ಕೆಲಸವಿಲ್ಲದೆ ಕುಳಿತ ಹಡಗಿನ ಬಡಗಿಗಳು ಪ್ರಾವಿಡೆನ್ಸಿಗೆ ಬಂದು ಸಭೆಯ ಹೊಸ ಪ್ರಾರ್ಥನಾಲಯದ ಕೆಲಸಕ್ಕೆ ಕೈಹಚ್ಚಿದರು. 1775ರ ಮೇ ತಿಂಗಳಲ್ಲಿ ಅದು ತೆರೆಯಿತು. ಊರಿನ ಜನಸಂಖ್ಯೆ ಸುಮಾರು 4,300 ಇದ್ದಾಗ 1,200 ಮಂದಿ ಕೂರುವ ಕಟ್ಟಡ, 185 ಅಡಿ ಎತ್ತರದ ಗೋಪುರ. ಇಂದಿಗೂ ಸಭೆ ಕೂಡುವುದು ಅಲ್ಲಿಯೇ. ಅದರ ವಿನ್ಯಾಸ ಮಾಡಿದವನು ಜೋಸೆಫ್ ಬ್ರೌನ್, ‘ಸ್ಯಾಲಿ’ ಹಡಗಿನ ಒಡೆಯರಲ್ಲಿ ಒಬ್ಬ. ಅವನ ತಮ್ಮ ಮೋಸಸ್ ಬ್ರೌನ್ 1773ರಲ್ಲಿ ತನ್ನ ಗುಲಾಮರನ್ನು ಬಿಡುಗಡೆ ಮಾಡಿ, ಕ್ವೇಕರನಾಗಿ, ಆ ವ್ಯಾಪಾರದ ವಿರುದ್ಧವೇ ಹೋರಾಡಿದ. ಒಂದೇ ಮನೆಯಲ್ಲಿ ಎರಡು ದಾರಿ. ಈ ಇತಿಹಾಸವನ್ನು ಬ್ರೌನ್ ವಿಶ್ವವಿದ್ಯಾಲಯ 2003ರಲ್ಲಿ ಸಮಿತಿ ನೇಮಿಸಿ ತಾನೇ ತನಿಖೆ ಮಾಡಿಸಿತು, 2006ರಲ್ಲಿ ವರದಿ ಪ್ರಕಟಿಸಿತು.

ಇತರ ರಾಜ್ಯಗಳ ಬ್ಯಾಪ್ಟಿಸ್ಟರ ಹೋರಾಟ ಇನ್ನೂ ಮುಗಿದಿರಲಿಲ್ಲ. ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರು ತಮ್ಮ ಧಾರ್ಮಿಕ ಸ್ವಾತಂತ್ರ್ಯ ಹಕ್ಕಾಗಿ ಅಲ್ಲ, ಭಿಕ್ಷೆಯಾಗಿ ದೊರೆಯುತ್ತಿದೆ ಎಂದು ಅಧ್ಯಕ್ಷ ಜೆಫರ್ಸನ್‌ಗೆ ಬರೆದರು. 1802ರ ಜನವರಿ 1ರ ಉತ್ತರದಲ್ಲಿ ಜೆಫರ್ಸನ್ ಚರ್ಚು ಮತ್ತು ಪ್ರಭುತ್ವದ ನಡುವಣ ಗೋಡೆಯ ಮಾತಾಡಿದ. ಆ ಗೋಡೆಯ ಚಿತ್ರವನ್ನು ವಿಲಿಯಮ್ಸ್ 1644ರಲ್ಲೇ ಬಳಸಿದ್ದ. ಅವನಿಗೆ ಅದು ಧರ್ಮವೆಂಬ ತೋಟವನ್ನು ಅಧಿಕಾರವೆಂಬ ಕಾಡಿನಿಂದ ಕಾಯುವ ಬೇಲಿಯಾಗಿತ್ತು. ಮ್ಯಾಸಚೂಸೆಟ್ಸಿನಲ್ಲಿ ಚರ್ಚಿಗಾಗಿ ತೆರಿಗೆ ಎತ್ತುವ ಪದ್ಧತಿ ಕೊನೆಗೊಂಡದ್ದು 1833ರಲ್ಲಿ.

ಜಾತ್ಯತೀತತೆಯೆಂದರೆ ಧರ್ಮದ ಶತ್ರು ಎಂದು ಭಾವಿಸುವವರು ನಮ್ಮಲ್ಲಿ ಎಲ್ಲ ಧರ್ಮಗಳಲ್ಲೂ ಇದ್ದಾರೆ. ಪ್ರಾವಿಡೆನ್ಸಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಪ್ರಭುತ್ವವನ್ನು ಧರ್ಮದಿಂದ ದೂರವಿಡಬೇಕೆಂದು ಅಲ್ಲಿ ಹಟ ಹಿಡಿದವರು ದೇವರನ್ನು ಆಳವಾಗಿ ನಂಬಿದವರು, ಪರರ ಧರ್ಮವನ್ನು ತಪ್ಪೆಂದೇ ತಿಳಿದವರು. ಆದರೂ ತಪ್ಪಿರುವವನಿಗೂ ಹಕ್ಕಿದೆ ಎಂದರು. ನಮ್ಮ ಸಂವಿಧಾನದ 25ನೇ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲ ವ್ಯಕ್ತಿಗಳಿಗೂ ಸಮಾನವಾಗಿ ಕೊಡುವಾಗ ಇದೇ ತತ್ವವನ್ನು ನಮ್ಮದಾಗಿಸಿದೆ. ಅದೇ ಪಟ್ಟಣದ ಬಂದರು ನಮಗೆ ಎರಡನೆಯ ಪಾಠವನ್ನೂ ಕಲಿಸುತ್ತದೆ. ಪ್ರಾರ್ಥನೆಯ ಹಕ್ಕನ್ನು ಕೊಟ್ಟು ಮನುಷ್ಯತ್ವದ ಹಕ್ಕನ್ನು ಕಸಿದುಕೊಂಡರೆ ಆ ಸ್ವಾತಂತ್ರ್ಯ ಅರ್ಧವೇ ಸರಿ. ಬಹುಸಂಖ್ಯಾತರಾಗಿರುವ ಕಡೆ ನಾವು ನಮ್ಮನ್ನು ಒಪ್ಪದವನಿಗೆ ಏನು ಕೊಡುತ್ತೇವೆ ಎಂಬುದರಿಂದಲೇ, ಅಲ್ಪಸಂಖ್ಯಾತರಾಗಿರುವ ಕಡೆ ನಾವು ಕೇಳುವ ಹಕ್ಕಿಗೆ ಬೆಲೆ ಬರುತ್ತದೆ. ಈ ಮಾತು ಕ್ರೈಸ್ತರಿಗೆ ಎಷ್ಟು ಸಲ್ಲುತ್ತದೋ ಹಿಂದೂಗಳಿಗೂ ಮುಸ್ಲಿಮರಿಗೂ ಅಷ್ಟೇ ಸಲ್ಲುತ್ತದೆ.